ಕಲ್ಯಾಣಮ್ಮ ಕದ್ದ ಎಲ್ಮ್ ಚಿಗುರು

ವನಗೂರಿನ ಕಲ್ಯಾಣಮ್ಮನ ಕೈಗುಣ ಸುತ್ತಲಿನ ತೋಟಗಳಿಗೆಲ್ಲ ಗೊತ್ತಿತ್ತು. ಒಲೆಗೆಂದು ತಂದ ಸೌದೆಯನ್ನು ಅವಳು ಮರೆತು ಅಂಗಳದಲ್ಲಿ ಬಿಟ್ಟರೆ ಅದೂ ಚಿಗುರುತ್ತದೆ ಎಂದು ಗಂಡ ಬಸವರಾಜು ಹೇಳಿಕೊಂಡು ತಿರುಗುತ್ತಿದ್ದ. ಅದರಲ್ಲಿ ಅರ್ಧ ಸುಳ್ಳು. ಆದರೆ ಮೆಣಸಿನ ಬಳ್ಳಿಯ ಕಡ್ಡಿಗೆ ಬೇರು ಬರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅದು ನಿಜ. ತವರೂರು ಮಗ್ಗೆಯ ಬಯಲಲ್ಲಿ ರಾಗಿ, ಆಲೂಗಡ್ಡೆ ನೋಡಿಕೊಂಡು ಬೆಳೆದವಳು ಮದುವೆಯಾಗಿ ಈ ಏರುತಗ್ಗಿನ ಊರಿಗೆ ಬಂದು, ಕೊಟ್ಟಿಗೆಯ ಹಿಂದೆ ಒಂದು ಪುಟ್ಟ ನರ್ಸರಿಯನ್ನೇ ಎಬ್ಬಿಸಿದ್ದಳು.

ಅವಳದು ಇನ್ನೊಂದು ವಿಚಿತ್ರ ಗುಣ. ಯಾರ ಮನೆಯ ಗಿಡದ ಮೇಲಾದರೂ ಆಸೆಯಾದರೆ ಮನೆಯವರನ್ನು ಕರೆದು, ಬಾಯಿಬಿಟ್ಟು ಕೇಳಿ ಈಸಿಕೊಳ್ಳುತ್ತಿದ್ದಳು. ಈ ಕಡೆ ಹಾಗೆ ಮಾಡುವವರಿಲ್ಲ. ಕೇಳಿ ತಂದ ಕಡ್ಡಿ ಹತ್ತುವುದಿಲ್ಲ, ಕದ್ದು ತಂದದ್ದೇ ಹತ್ತುವುದು ಎನ್ನುವುದು ಹೆಂಗಸರೆಲ್ಲ ಒಪ್ಪಿದ ಶಾಸ್ತ್ರ. ಕದ್ದ ಗಿಡಕ್ಕೆ ವರ್ಷ ತುಂಬುವ ತನಕ ಬಾಯಿ ಬಿಡಬಾರದು, ಬಿಟ್ಟರೆ ಒಣಗುತ್ತದೆ ಎನ್ನುವುದು ಅದರ ಬಾಲ. ದಾಸವಾಳ, ಡೇರೆ, ಗುಲಾಬಿ ಎಲ್ಲವೂ ಹೀಗೆಯೇ ಸೆರಗಿನ ಮರೆಯಲ್ಲಿ ಮನೆಯಿಂದ ಮನೆಗೆ ಹೋದವು. ಕಲ್ಯಾಣಮ್ಮನ ಅಂಗಳದಿಂದಲೂ ಬೇಕಾದಷ್ಟು ಹೋಗಿದ್ದವು. ಅವಳು ಕಂಡೂ ಕಾಣದವಳಂತೆ ಪಾತ್ರೆ ಬೆಳಗುತ್ತ ಕೂರುತ್ತಿದ್ದಳು.

ಊರ ಮೇಲಿನ ಎಸ್ಟೇಟ್ ಬಂಗಲೆಯ ರಾಜಲಕ್ಷ್ಮಮ್ಮ ಅವಳಿಗೆ ಹೇಳಿ ಕಳಿಸಿದ್ದು ತೊಂಬತ್ತೆಂಟರ ಬೇಸಿಗೆಯಲ್ಲಿ. ಎಪ್ಪತ್ತರ ಹತ್ತಿರದ ವಿಧವೆ. ಮಾತು ಬಿಗಿ, ಮನಸ್ಸು ಮೆದು. ಅವರ ಯಜಮಾನರು ಬಹಳ ಹಿಂದೆ ಬೆಂಗಳೂರಿನಿಂದ ತಟ್ಟೆಯಲ್ಲಿ ಬೆಳೆಸುವ ಒಂದು ಬೋನ್ಸಾಯ್ ಗಿಡ ತಂದಿದ್ದರು. ಚೈನೀಸ್ ಎಲ್ಮ್ ಅಂತೆ. ಮೊಳದುದ್ದವೂ ಇಲ್ಲದ ಮರ, ಕಾಂಡ ನೋಡಿದರೆ ಮುತ್ತಜ್ಜನದು. ಯಜಮಾನರು ತೀರಿಕೊಂಡ ಮೇಲೆ ರಾಜಲಕ್ಷ್ಮಮ್ಮನೇ ಅದನ್ನು ನೋಡಿಕೊಂಡಿದ್ದರು. ಆದರೆ ಒಂದು ಮಳೆಗಾಲ ತಟ್ಟೆಯಲ್ಲಿ ನೀರು ನಿಂತು ಬೇರಿಗೆ ಕೊಳೆ ಹತ್ತಿತು. ಒಂದೊಂದೇ ಕೊಂಬೆ ಒಣಗತೊಡಗಿತು.

"ಅವರು ಕೂಸಿನ ಹಾಗೆ ಸಾಕಿದ್ದು ಕಣೆ, ಕಲ್ಯಾಣಿ," ಎಂದರು. "ಇದು ಉಳಿಯಲ್ಲ ಅಂತ ನಂಗೆ ಗೊತ್ತು. ಇದರದ್ದೊಂದು ಮರಿ ಮಾಡ್ಕೊಡು, ಸಾಕು."

"ಆಯ್ತು ಬುಡಿ ಅಮ್ಮೋರೆ, ಅದೇನು ಮಹಾ," ಎಂದು ಕಲ್ಯಾಣಮ್ಮ ಒಪ್ಪಿಕೊಂಡು ಬಂದಳು. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ತಪ್ಪಾಯಿತು.

ರಾಜಲಕ್ಷ್ಮಮ್ಮ ತಮ್ಮ ಕೈಯಾರೆ ಬಲಿತ ಕಡ್ಡಿಗಳನ್ನು ಕತ್ತರಿಸಿ ಕೊಟ್ಟರು. ಕಲ್ಯಾಣಮ್ಮ ಅವನ್ನು ಎಲ್ಲಿ ಊರಿದರೂ ಹತ್ತುವ ಹಾಲುವಾಣದ ಗೂಟ ನೆಟ್ಟಷ್ಟೇ ಧೈರ್ಯವಾಗಿ ನೆಟ್ಟಳು. ಕೆಲವು ದಿನಕ್ಕೆ ಎಲೆ ಒಡೆಯಿತು. ಸಂತೋಷ ತಡೆಯಲಾರದೆ ಬಂಗಲೆಗೆ ಸುದ್ದಿ ಕಳಿಸಿದಳು. ರಾಜಲಕ್ಷ್ಮಮ್ಮ ಜೀಪಿನಲ್ಲಿ ಬಂದು ನೋಡಿ, ಎಲೆ ಮುಟ್ಟಿ ಹೋದರು. ಅದಾಗಿ ವಾರಕ್ಕೆಲ್ಲ ಎಲೆ ಬಾಡಿತು. ಕಿತ್ತು ನೋಡಿದರೆ ಬುಡದಲ್ಲಿ ಒಂದು ಎಳೆ ಬೇರಿಲ್ಲ. ಕಡ್ಡಿ ತನ್ನ ಮೈಯೊಳಗಿನ ಸತ್ವವನ್ನೇ ತಿಂದು ಚಿಗುರಿತ್ತು, ಅದು ಮುಗಿದ ಮೇಲೆ ಸತ್ತಿತ್ತು. ಮರುವರ್ಷದ ಬೇಸಿಗೆಯಲ್ಲೂ ಅದೇ ಕತೆ. ಆ ಹೊತ್ತಿಗೆ ಮರದಲ್ಲಿ ಜೀವವಿದ್ದದ್ದು ಒಂದೇ ಕೊಂಬೆಯಲ್ಲಿ.

ಎಸ್ಟೇಟ್ ಕೂಲಿಗಳ ಲೈನ್ ಮನೆಯ ಮಾದಮ್ಮ ಮೆಣಸು ಬಿಡಿಸಲು ಬಂದವಳು ಸತ್ತ ಕಡ್ಡಿಗಳನ್ನು ನೋಡಿ ನಕ್ಕಳು. "ಕೇಳಿ ಇಸ್ಕಂಡು ಬಂದ್ರೆ ಎಲ್ಲಾರ ಹತ್ತುತ್ತಾ ಮಾರಾಯ್ತಿ? ಕದ್ದು ನೆಡು."

ಕಲ್ಯಾಣಮ್ಮ ಅದನ್ನು ತಮಾಷೆಗೆಂದು ಬಂಗಲೆಯಲ್ಲಿ ಹೇಳಿದಳು. ರಾಜಲಕ್ಷ್ಮಮ್ಮ ನಗಲಿಲ್ಲ.

"ಹಾಗಾದ್ರೆ ಕದಿ," ಎಂದರು.

"ನೀವೇ ಹೇಳಿದ್ಮೇಲೆ ಅದೆಂಗೆ ಕಳ್ಳತನ ಆಯ್ತದೆ ಅಮ್ಮೋರೆ?"

"ಸರಿ. ನಾನೇನೂ ಹೇಳಿಲ್ಲ."

ಅಲ್ಲಿಂದ ಶುರುವಾಯಿತು ಪಜೀತಿ. ಕಲ್ಯಾಣಮ್ಮ ಬಂಗಲೆಯ ಜಗಲಿ ಹತ್ತಿದರೆ ಸಾಕು, ಒಲೆ ಮೇಲೆ ಹಾಲಿಟ್ಟಿದ್ದೆ ಎಂದು ರಾಜಲಕ್ಷ್ಮಮ್ಮ ಎದ್ದು ಒಳಗೆ ಹೋಗುವರು, ಬೇಗ ಬರುವವರಲ್ಲ. ಅಡುಗೆಗೆ ಬೋರಯ್ಯ ಇದ್ದಾನೆ, ಅವರು ಒಲೆಯ ಮುಖ ನೋಡಿದ್ದು ಯಾವ ಕಾಲಕ್ಕೋ. ಇದು ಕೊಟ್ಟ ಹಾಗೆಯೇ ಆಯಿತಲ್ಲ ಎಂದು ಕಲ್ಯಾಣಮ್ಮ ಕೈಕಟ್ಟಿ ಕೂತು, ಬರಿಗೈಯಲ್ಲಿ ಇಳಿದು ಬರುವಳು. ನಿಯತ್ತಿನವರಿಗೆ ಕಳ್ಳತನ ಎಷ್ಟು ಕಷ್ಟ ಎಂದು ಅವಳಿಗೆ ಆಗ ತಿಳಿಯಿತು.

ಜೂನ್ ತಿಂಗಳಲ್ಲಿ, ಜಡಿಮಳೆ ಹಿಡಿದ ಒಂದು ಮಧ್ಯಾಹ್ನ, ರಾಜಲಕ್ಷ್ಮಮ್ಮ ಕಣ್ಣು ತೋರಿಸಲು ಹಾಸನಕ್ಕೆ ಹೋದದ್ದು ಗೊತ್ತಾಯಿತು. ಕಲ್ಯಾಣಮ್ಮ ಕೊಡೆ ಹಿಡಿದು ಹೊರಟಳು. ಕತ್ತಿ ಒಯ್ಯಲು ಮನಸ್ಸಾಗಲಿಲ್ಲ. ಆಯುಧ ಸಮೇತ ಹೋಗುವಷ್ಟು ದೊಡ್ಡ ಕಳ್ಳಿ ಅವಳಾಗಿರಲಿಲ್ಲ. ಬಂಗಲೆಯ ನಾಯಿ ಬಾಲ ಅಲ್ಲಾಡಿಸಿತು, ಬೋರಯ್ಯ ಒಳಗೆಲ್ಲೋ ಕೆಮ್ಮಿದ. ಜೀವವಿದ್ದ ಆ ಒಂದೇ ಕೊಂಬೆಯ ತುದಿಯ ಎಳೆ ಚಿಗುರುಗಳನ್ನು ಉಗುರಿನಿಂದ ಚಿವುಟಿ, ಸೆರಗಿನಲ್ಲಿ ಸುತ್ತಿಕೊಂಡು ಓಡುನಡಿಗೆಯಲ್ಲಿ ಇಳಿದಳು. ಹೊಳೆ ಮರಳು, ಎಲೆಗೊಬ್ಬರ ಬೆರೆಸಿದ ನರ್ಸರಿ ಕವರುಗಳಲ್ಲಿ ಊರಿ, ಮೆಣಸಿನ ಕಡ್ಡಿಯ ಜೊತೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಚ್ಚಿಟ್ಟಳು.

ಆಷಾಢ ಕಳೆಯುವ ಹೊತ್ತಿಗೆ ಮೆಲ್ಲಗೆ ಎಳೆದು ನೋಡಿದರೆ ಐದು ಚಿಗುರು ಮಣ್ಣು ಕಚ್ಚಿ ನಿಂತಿದ್ದವು. ಗಿಡದ ವಿಷಯ ಓದಿದವರು ಎಳೆ ಚಿಗುರು, ಮಳೆಗಾಲದ ತೇವ ಎಂದು ಕಾರಣ ಕೊಟ್ಟಾರು. ವನಗೂರಿನಲ್ಲಿ ಕೇಳಿದರೆ ಕದ್ದದ್ದಕ್ಕೇ ಹತ್ತಿದ್ದು ಎನ್ನುತ್ತಾರೆ.

ದೀಪಾವಳಿಯ ಮುಂಚೆ ಬಂಗಲೆಯ ಮರ ಪೂರ್ತಿ ಸತ್ತಿತು. ಕಲ್ಯಾಣಮ್ಮ ಹೋದಾಗ ರಾಜಲಕ್ಷ್ಮಮ್ಮ ಜಗಲಿಯಲ್ಲಿ ಒಬ್ಬರೇ ಕೂತು ಅಳುತ್ತಿದ್ದರು. "ಅವರು ಹೋದಾಗ ಜನ ತುಂಬಿದ್ರು, ಅಳೋಕೂ ಆಗ್ಲಿಲ್ಲ," ಎಂದರು. ಕಲ್ಯಾಣಮ್ಮನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಹೇಳಿದರೆ ಐದೂ ಒಣಗಿದರೆ? ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡಳು.

"ಹೇಳ್ಬುಡು ಅತ್ಲಾಗೆ," ಎಂದ ಬಸವರಾಜು. "ಒಣಗೋದಾದ್ರೆ ಒಣಗ್ಲಿ. ಆ ಜೀವ ಅಳೋದು ಯಾಕೆ?"

ಅವಳಿಗೂ ಅದೇ ಸರಿ ಎನಿಸಿತು. ಮರುದಿನ ಬೆಳಗ್ಗೆಯೇ ಬಂಗಲೆ ಹತ್ತಿದಳು. "ಅಮ್ಮೋರೆ, ಜೂನ್‌ನಾಗೆ ನಾನು..." ಎನ್ನುವಷ್ಟರಲ್ಲಿ ರಾಜಲಕ್ಷ್ಮಮ್ಮ ಗಡಬಡಿಸಿ ಎರಡೂ ಕಿವಿ ಮುಚ್ಚಿಕೊಂಡರು.

"ಹೇಳ್ಬೇಡ. ನಂಗೇನೂ ಕೇಳಿಸ್ಲಿಲ್ಲ. ಹಾಸನದಿಂದ ಬಂದ ಸಂಜೇನೇ ಉಗುರಿನ ಗುರುತು ನೋಡಿದೀನಿ." ಆಮೇಲೆ ತಡೆಯಲಾಗದೆ, ಅವಳ ಮುಖವನ್ನೇ ನೋಡುತ್ತ ಕೇಳಿದರು: "ನಿಮ್ಮ ಕೊಟ್ಟಿಗೆ ಹಿಂದೆ ಎಲ್ಲಾ ಚೆನ್ನಾಗಿದೆಯಾ?"

"ಚೆನ್ನಾಗೈತೆ ಅಮ್ಮೋರೆ. ಒಂದು ತಂದ್ಕೊಡ್ಲಾ?"

"ಬೇಡ ಬೇಡ. ಕೊಟ್ಟಿದ್ದು ಹತ್ತಲ್ಲ."

ಕಲ್ಯಾಣಮ್ಮ ಕಾಫಿ ಕುಡಿದು ಇಳಿದು ಬಂದಳು.

ಎರಡು ದಿನ ಬಿಟ್ಟು ಅವಳು ತೋಟದಿಂದ ಮನೆಗೆ ಬಂದಾಗ ಬಸವರಾಜು ಹಾಡುಹಗಲಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಏನಾಯಿತು ಎಂದು ಕೇಳಿದಳು.

"ಅಮ್ಮೋರು ಬಂದಿದ್ರು ಕಣೇ. ಜೀಪು ಮ್ಯಾಲಿನ ರಸ್ತೇಲೇ ಬುಟ್ಟು, ನಡ್ಕಂಡು, ಕೊಟ್ಟಿಗೆ ಹಿಂದುಗಡೆಯಿಂದ. ನಾನು ಕಂಡ್ರೆ ಕಳ್ತನ ಕೆಟ್ಟೋಗುತ್ತಲ್ಲ, ಅದ್ಕೇ ಒಳಕ್ಕೆ ಬಂದ್ಬುಟ್ಟೆ."

ಕಲ್ಯಾಣಮ್ಮ ಹಿತ್ತಲಿಗೆ ಓಡಿದಳು. ಹೊದಿಕೆ ಮೊದಲಿದ್ದ ಹಾಗೇ ಮುಚ್ಚಿತ್ತು. ಒಳಗೆ ಎಲ್ಮ್ ಗಿಡ ನಾಲ್ಕೇ ಇದ್ದವು, ಇದ್ದದ್ದರಲ್ಲಿ ಒಳ್ಳೆಯದೇ ಹೋಗಿತ್ತು.