ಚಹಾಕ್ಕಿಂತ ಮುಂಚಿನ ಉತ್ತರ

ಕೆಲಸಕ್ಕೆ ತಕ್ಕ ಸಾಫ್ಟ್‌ವೇರ್ ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಈಗಲೂ ಇದೆ. ಒಂದು ಸಲ ಮುಖಭಂಗವಾದದ್ದನ್ನೂ ಹೇಳಿಬಿಡುತ್ತೇನೆ.

ವಾರಕ್ಕೊಮ್ಮೆ ಲೇಡಿ ಡಾಕ್ಟರನ್ನು ಹಳ್ಳಿಗಳಿಗೆ ಕರೆತರುವ ವ್ಯಾನೊಂದು ನಮ್ಮ ಕಡೆ ಓಡಾಡುತ್ತಿತ್ತು. ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸಲು ನಡೆಸುವವರಿಗೆ ಅಂಕಿಗಳು ಬೇಕಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೆಂಗಸರಿಗೆಲ್ಲ ಕೇಳಿದ ಪ್ರಶ್ನೆ ಒಂದೇ: ನಿಮ್ಮ ಆರೋಗ್ಯಕ್ಕೆ ಏನು ಬೇಕು? ಮುದ್ದೇಬಿಹಾಳದ ಕಡೆಯ ನನ್ನ ಸಹೋದ್ಯೋಗಿ ಮನೆಮನೆ ಹತ್ತಿಳಿದು, ಅವರು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದು ತಂದಿದ್ದಳು. ಆ ಮಾತುಗಳಲ್ಲಿ ಒಂದೊಂದು ಬಗೆಗೆ ಒಂದೊಂದು ಸಂಖ್ಯೆ ಕೊಟ್ಟು ಎಣಿಕೆಗೆ ಒಗ್ಗಿಸುವುದು ನನ್ನ ಪಾಲಿನ ಕೆಲಸ.

ಒಂದು ಸಾಫ್ಟ್‌ವೇರಿಗೆ ಕನ್ನಡದ ಒತ್ತಕ್ಷರ ಕಂಡರೆ ಆಗುತ್ತಿರಲಿಲ್ಲ, ಪರದೆ ತುಂಬ ಖಾಲಿ ಚೌಕಗಳು. ಇನ್ನೊಂದು ಉಚಿತ, ಆದರೆ ಪ್ರತಿ ಉತ್ತರವನ್ನೂ ನಾವೇ ಓದಿ ಗುರುತು ಹಾಕಬೇಕು. ಮೂರನೆಯದು ಎಲ್ಲವನ್ನೂ ತಾನೇ ವಿಂಗಡಿಸುತ್ತಿತ್ತು: ಒಂದು ಉತ್ತರಕ್ಕೆ ಒಂದೇ ಸಂಖ್ಯೆ, ಅದೂ ಮೊದಲು ಹೇಳಿದ ಮಾತಿಗೆ. ಯಾರಾದರೂ ಮುಖ್ಯವಾದದ್ದನ್ನೇ ಮೊದಲು ಹೇಳುತ್ತಾರಲ್ಲ ಎಂದುಕೊಂಡು ಅದನ್ನೇ ಆರಿಸಿದೆ.

ಊಟದ ಹೊತ್ತಿಗೆ ಚಾರ್ಟ್ ಸಿದ್ಧ. ಹೆಚ್ಚಿನವರ ಉತ್ತರ, ಏನೂ ಬೇಡ ಎಂದು. ವ್ಯಾನ್ ನಿಲ್ಲಿಸಬಹುದು ಎಂದು ವರದಿಯ ಕೊನೆಯ ಸಾಲನ್ನೂ ಬರೆದುಬಿಟ್ಟೆ.

ಸಹೋದ್ಯೋಗಿ ಓದಿ ಕುರ್ಚಿ ಎಳೆದುಕೊಂಡಳು. "ಅಕ್ಕಾರ, ಇದು ಚಾ ಕುಡಿಯೂಕಿಂತ ಮದಲಿನ ಮಾತು ಐತ್ರಿ. ಮನಿಗೆ ಬಂದವರ ಮುಂದ ಹೊಸ್ತಿಲದಾಗ ಯಾರರ ತ್ರಾಸ ಹೇಳ್ತಾರೇನ್ರಿ? ಆರಾಮ ಅದೇವ್ರಿ, ಏನೂ ಬ್ಯಾಡ ಅಂತಾರ. ಚಾ ಆದಮ್ಯಾಲ ಖರೇ ಮಾತು ಬರ್ತೈತಿ."

ನನಗೆ ನಾಚಿಕೆಯಾಯಿತು, ನನ್ನ ಮೇಲೆಯೇ ಸಿಟ್ಟೂ ಬಂತು. ಬಾಗೇವಾಡಿಯಲ್ಲೇ ಹುಟ್ಟಿ ಬೆಳೆದವಳು ನಾನು. ಜ್ವರ ಬಂದು ಮಲಗಿದ್ದಾಗಲೂ ನೋಡಲು ಬಂದವರಿಗೆ ಆರಾಮ ಎಂದವಳು. ಅವತ್ತೇ ಉಚಿತದ್ದನ್ನು ಹಾಕಿಕೊಂಡೆ. ಅದರಲ್ಲಿ ಒಂದು ಉತ್ತರಕ್ಕೆ ಎಷ್ಟು ಸಂಖ್ಯೆಗಳನ್ನಾದರೂ ಕೊಡಬಹುದಿತ್ತು. ಇಬ್ಬರೂ ಬೇರೆ ಬೇರೆ ಓದುವುದು, ಸಂಖ್ಯೆ ತಾಳೆಯಾಗದಿದ್ದರೆ ಜಗಳಾಡಿ ಒಪ್ಪುವುದು. ಜಗಳದಲ್ಲಿ ಹೆಚ್ಚು ಗೆದ್ದವಳು ಅವಳೇ. ಹೊಸ ಎಣಿಕೆಯಲ್ಲಿ ಲೇಡಿ ಡಾಕ್ಟರ್ ಬೇಕೆಂದವರೇ ಹೆಚ್ಚಾದರು, ವರದಿಯ ಕೊನೆಯ ಸಾಲೂ ಬದಲಾಯಿತು.

ವರದಿ ಮುಂದಿಟ್ಟ ಸಭೆಯಲ್ಲಿ, ವ್ಯಾನ್ ನಡೆಸುವವರ ಪೈಕಿ ಹಿರಿಯರೊಬ್ಬರು ಉತ್ತರಗಳ ಮೊದಲ ಸಾಲು ತೋರಿಸಿ, "ಏನೂ ಬ್ಯಾಡ ಅಂತ ಅವರ ಅಂದಾರಲ್ರಿ?" ಎಂದರು. ನಾನು ಹೆಸರು, ಊರು ಹೇಳದೆ ಒಬ್ಬ ಹೆಂಗಸಿನ ಉತ್ತರವನ್ನು ಪೂರ್ತಿ ಓದಿದೆ. ಅದು ಆರಾಮ ಎಂದು ಶುರುವಾಗಿ, ಮಕ್ಕಳ ಶಾಲೆ, ಎಮ್ಮೆ, ಸೊಸೆಯ ಬಾಣಂತನ ದಾಟಿ ಕೊನೆಗೆ ಹೀಗೆ ಮುಗಿಯುತ್ತದೆ: "ಆರು ವರ್ಷ ಆತ್ರಿ ಹೊಟ್ಟಿ ಕೆಳಗ ನೋಯಾಕತ್ತಿ. ಗಂಡಸ ಡಾಕ್ಟರಗ ಹೆಂಗ ಹೇಳ್ಲಿ? ಈ ಡಾಕ್ಟರಬಾಯಾರಿಗೆ ಅರ್ಧ ಹೇಳೇನ್ರಿ. ಉಳದದ್ದು ಮುಂದಿನ ಸಲ ಹೇಳ್ತೇನಿ."

ಆಮೇಲೆ ಆ ಹಿರಿಯರೇ ಕೇಳಿದರು, "ಅಕಿ ಊರಿಗೆ ವ್ಯಾನ ಮತ್ತ ಯಾವಾಗ ಹೋಗ್ತೈತಿ?"

"ಬುಧವಾರ್ರಿ" ಎಂದಳು ಸಹೋದ್ಯೋಗಿ.

"ಹೋಗ್ಲಿ" ಎಂದು ಅವರು ಪೆನ್ನು ತೆಗೆದರು. "ಅಕಿ ಪೂರಾ ಹೇಳಿ ಮುಗಸೂತನಕಾ ಹೋಗ್ಲಿ."