ಅಕ್ಕಾರು ಇಟ್ಟ ಅಡ್ಡಹೆಸರುಗಳು

ಹಾಲು ಅಳೆಯುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಗೋಕಾಕದ ನಮ್ಮ ಸಣ್ಣ ಆಫೀಸಿನಲ್ಲಿ ಅವರೇ ಹಿರಿಯರು; ನಮಗೆಲ್ಲ ಅಕ್ಕಾರು. ಕುರಿ ಕಾಯುವ ಮನೆತನದವರು. ಪ್ರೋಗ್ರಾಂ ಎಲ್ಲಿ ಕೆಟ್ಟರೂ ಕನ್ನಡಕ ತಲೆಗೇರಿಸಿ, "ಕುರಿ ತಪ್ಪಿಸಿಕೊಂಡ್ರ ಸುಮ್ನ ಓಡಬಾರದ್ರಿ, ಹೆಜ್ಜಿ ನೋಡ್ರಿ" ಎನ್ನುತ್ತಿದ್ದರು.

ತಪ್ಪು ಹುಡುಕುವ ಕಪ್ಪು ಪರದೆಯ ಟೂಲ್‌ಗೆ ಇಂಗ್ಲಿಷಿನಲ್ಲಿ ಉದ್ದುದ್ದ ಆದೇಶ ಟೈಪ್ ಮಾಡಬೇಕು. ಒಂದು ಮಧ್ಯಾಹ್ನ ಅಕ್ಕಾರು ಕೂತು, ಅವಕ್ಕೆ ನಮ್ಮ ಮಾತಿನ ಅಡ್ಡಹೆಸರು ಸೇರಿಸಿ ಡೇರಿಗಳ ಎಲ್ಲ ಯಂತ್ರಗಳಿಗೂ ಕಳಿಸಿದರು. ಪ್ರೋಗ್ರಾಂ ನಿಲ್ಲಿಸಲು 'ತಡಿ', ಅದು ಬಂದ ದಾರಿ ತೋರಿಸಲು 'ಹೆಜ್ಜಿ'. ನಾವು ನಕ್ಕಿದ್ದೆವು.

ಒಂದು ಬೆಳಿಗ್ಗೆ ಮೂಡಲಗಿ ಕಡೆಯ ಡೇರಿಯೊಂದರಲ್ಲಿ ಯಂತ್ರ ಕೈಕೊಟ್ಟಿತು. ಕ್ಯಾನುಗಳು ಸಾಲುಗಟ್ಟಿದ್ದವು, ಬಿಸಿಲೇರುತ್ತಿತ್ತು. ಅಕ್ಕಾರು ಅಲ್ಲಿನ ಹಾಲು ಅಳೆಯುವ ಕಾಕಾನಿಗೆ ಫೋನ್ ಮಾಡಿದರು.

"ಕಾಕಾ, ತಡಿ ಅಂತ ಹೊಡೀರಿ. ಈಗ ಹೆಜ್ಜಿ."

"ಇಷ್ಟ ಏನ್ರಿ?" ಎಂದ ಕಾಕಾ ಪರದೆಯ ಮೇಲೆ ಬಂದ ಪ್ರೋಗ್ರಾಂ ಸಾಲುಗಳ ನಂಬರುಗಳನ್ನು ಒಂದೊಂದಾಗಿ ಓದಿದರು. ಮೂರನೆಯದಕ್ಕೆ ಅಕ್ಕಾರು, "ಸಿಕ್ತು ಬಿಡ್ರಿ" ಎಂದರು. ಆ ಸಾಲು ತಿದ್ದಿ ಕಳಿಸಿದ್ದೇ ತಡ, ಯಂತ್ರ ಹಾಲು ಅಳೆಯತೊಡಗಿತು.

ನಾನು ಬೆರಗಾಗಿ ಕೀಲಿಮಣೆಯ ಮೇಲಿನ ಅಕ್ಕಾರ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಆಗಲೂ ಅದೇ ಹಳೆಯ ಉದ್ದುದ್ದ ಆದೇಶಗಳನ್ನು ಟೈಪ್ ಮಾಡುತ್ತಿದ್ದವು. ಒಂದು ಅಡ್ಡಹೆಸರನ್ನೂ ಅಕ್ಕಾರು ತಮಗಾಗಿ ಬಳಸಿದ್ದನ್ನು ನಾನು ಯಾವತ್ತೂ ಕಾಣಲಿಲ್ಲ.