ಹಾಡುವವಳು ನಿಲ್ಲುವ ಜಾಗ

ಸ್ಟೀರಿಯೊ ಎಂದರೆ ಜೋರಾಗಿ ಹಾಡುವ ಯಂತ್ರ ಎಂದೇ ನಾನು ಐವತ್ತು ದಾಟುವವರೆಗೂ ನಂಬಿದ್ದೆ. ತಪ್ಪು ನನ್ನೊಬ್ಬನದಲ್ಲ. ನಮ್ಮ ಶಹಾಪುರದಲ್ಲಿ ಮದುವೆಯ ಮೆರವಣಿಗೆ ಹೊರಟರೆ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಕಟ್ಟಿರುತ್ತಾರೆ. ಕಿಟಕಿಯ ಗಾಜು ನಡುಗಿದರೆ ಭಾರಿ ಸ್ಟೀರಿಯೊ. ನಡುಗದಿದ್ದರೆ ಬೀಗರ ಮುಂದೆ ಅವಮಾನ. ಹೀಗಿರುವಾಗ ಯಾದಗಿರಿಯ ಗೆಳೆಯನೊಬ್ಬ ಒಂದು ಭಾನುವಾರ ನನ್ನನ್ನು ತನ್ನ ಮನೆಯ ಕುರ್ಚಿಯಲ್ಲಿ ಕೂರಿಸಿ, ಎದುರಿಗಿದ್ದ ಎರಡು ಪುಟ್ಟ ಪೆಟ್ಟಿಗೆಗಳಿಂದ ಒಂದು ಹಾಡು ಕೇಳಿಸಿದ. ತಬಲಾ ಎಡಕ್ಕಿತ್ತು, ನಾವು ಪೇಟಿ ಎನ್ನುವ ಹಾರ್ಮೋನಿಯಂ ಬಲಕ್ಕಿತ್ತು. ಹಾಡುವವಳು ಮಾತ್ರ ಯಾವ ಪೆಟ್ಟಿಗೆಯಲ್ಲೂ ಇರದೆ, ಎರಡರ ನಡುವೆ, ಬರಿಯ ಗೋಡೆಯ ಮುಂದೆ ಬಂದು ನಿಂತಿದ್ದಳು. ಎದ್ದು ಹೋಗಿ ಮಾತಾಡಿಸಬೇಕೆನ್ನಿಸಿತು. ಸಂಸಾರಸ್ಥನೆಂಬುದು ನೆನಪಾಗಿ ಸುಮ್ಮನೆ ಕೂತೆ.

ಬಸ್ಸಿನಲ್ಲಿ ಮರಳುವಾಗ ತಲೆಯಲ್ಲಿ ಒಂದೇ ಯೋಚನೆ: ಇದನ್ನು ನಾಗಮ್ಮ ಕೇಳಬೇಕು. ನಾಗಮ್ಮ ನನ್ನ ಹೆಂಡತಿ. ನಮ್ಮಿಬ್ಬರಲ್ಲಿ ಹಾಡಿನ ಹುಚ್ಚು ಅವಳದು, ನನ್ನದು ಸಹವಾಸದೋಷ. ಅಡುಗೆಮನೆಯ ಗೂಡಿನಲ್ಲಿರುವ ಹಿಟ್ಟು ಮೆತ್ತಿದ ರೇಡಿಯೊ ಹಾಡುತ್ತಿದ್ದರೆ ಅವಳ ಕೈಯಲ್ಲಿ ರೊಟ್ಟಿ ತಾನಾಗಿ ದುಂಡಗಾಗುತ್ತದೆ. ವಾರ್ತೆ ಬಂದ ದಿನ ಅಂಚು ಹರಿಯುತ್ತದೆ.

ನಾನು ಕಾಲೇಜಿನಲ್ಲಿ ಭೂಗೋಳ ಕಲಿಸುವವನು. ತಿಳಿವಳಿಕೆ ಭೂಮಂಡಲದಷ್ಟಿದ್ದರೂ ಸಂಬಳ ಓಣಿಯಷ್ಟೇ. ಹೊಸದರ ಬೆಲೆ ಕೇಳಿ ನಮಸ್ಕಾರ ಹಾಕಿ, ಬಿಡಿಬಿಡಿಯಾಗಿ ಕೂಡಿಸಲು ಹೊರಟೆ. ಯಾದಗಿರಿಯ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಆಂಪ್ಲಿಫೈಯರ್ ಸಿಕ್ಕಿತು. ಪೆಟ್ಟಿಗೆಗಳು ಸಿಕ್ಕಿದ್ದು ಸುರಪುರದಲ್ಲಿ, ಕ್ಯಾಸೆಟ್ ಅಂಗಡಿ ಮುಚ್ಚಿ ಕಿರಾಣಿ ಇಟ್ಟವನೊಬ್ಬನ ಅಟ್ಟದ ಮೇಲೆ, ಒಣಮೆಣಸಿನಕಾಯಿ ಚೀಲಗಳ ಹಿಂದೆ. ಪಾಪ, ಅವನು ಪ್ರಾಮಾಣಿಕ. ಇವು ಮನೆಯೊಳಗೆ ಹಚ್ಚುವಂಥವು, ಓಣಿಗೆ ಕೇಳುವುದಿಲ್ಲ ಎಂದು ಮೊದಲೇ ಎಚ್ಚರಿಸಿದ. ನನಗೆ ಅಷ್ಟೇ ಸಾಕು ಎಂದೆ. ಈ ಮನುಷ್ಯ ಯಾರಿಗೋ ಹೆದರಿ ಬದುಕುತ್ತಿದ್ದಾನೆ ಎಂಬಂತೆ ನೋಡಿ, ಪೆಟ್ಟಿಗೆಗಳನ್ನು ಒರೆಸಿ ಕೊಟ್ಟ. ಮೊದಲ ವಾರ ಹಾಡು ಹಚ್ಚಿದಾಗಲೆಲ್ಲ ನಾನೂ ನಾಗಮ್ಮನೂ ಸೀನುತ್ತಿದ್ದೆವು.

ಪೆಟ್ಟಿಗೆಗಳನ್ನಿಡಲು ಕಟ್ಟಿಗೆಯ ಪೀಠ ಬೇಕಂತೆ. ನಮ್ಮ ಕಡೆ ಕಟ್ಟಿಗೆಗಿಂತ ಕಲ್ಲು ಸೋವಿ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದೆ. ಆದರೆ ನೆಲವೂ ಪರಸಿ, ಗೋಡೆಯೂ ಕಲ್ಲು. ಹಾಡಿದ್ದೆಲ್ಲ ಗೋಡೆಗೆ ಬಡಿದು ವಾಪಸು ಬಂದು, ಬಾವಿಯೊಳಗೆ ಭಜನೆ ನಡೆದಂತಾಯಿತು. ದಪ್ಪ ಬಟ್ಟೆ ತೂಗುಹಾಕು ಎಂದು ಗೆಳೆಯ ಫೋನಿನಲ್ಲಿ ಹೇಳಿದ. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಹಾಕಿದೆ. ಪಕ್ಕದ ಮನೆಯ ಶರಣಪ್ಪನವರು ಬಂದು ನೋಡಿ, ಮನೆಯ ಹಾಸಿಗೆಯೆಲ್ಲ ಒಗೆಯುವ ದಸರೆ ಇನ್ನೂ ದೂರವಿರುವಾಗ ಈಗಲೇ ಒಗೆದು ಒಣಹಾಕಿದ್ದೇಕೆ, ಅದೂ ನೆರಳಿನಲ್ಲಿ, ಎಂದು ವಿಚಾರಿಸಿದರು. ವಿವರಿಸಿದೆ. ವಿವರಣೆ ಕೇಳಲು ಅವರು ಕೂತದ್ದು ಸರಿಯಾಗಿ ನನ್ನ ಕುರ್ಚಿಯಲ್ಲಿ.

ಇದೊಂದು ತೊಡಕು ನೋಡಿ. ಸ್ಟೀರಿಯೊದಲ್ಲಿ ಎರಡು ಪೆಟ್ಟಿಗೆ ಎರಡು ಮೂಲೆ, ಕೇಳುವವನು ಮೂರನೆಯ ಮೂಲೆ. ಹಾಡುವವಳು ನಡುವೆ ಬಂದು ನಿಲ್ಲುವುದು ಆ ಒಂದು ಕುರ್ಚಿಯಲ್ಲಿ ಕೂತವನಿಗೆ ಮಾತ್ರ. ನಮ್ಮಲ್ಲಿ ಒಳ್ಳೆಯ ಕುರ್ಚಿ ಬಂದವರದು. ಮನೆಯವರು ಹೊಸ್ತಿಲಿಗೋ ಗೋಡೆಗೋ ಒರಗಬೇಕು. ನಾನು ಊರೂರು ಅಲೆದು ಕೂಡಿಸಿದ ಸಂಗೀತವನ್ನು ಮೊದಲ ಸಂಜೆ ಶರಣಪ್ಪನವರು ಕೇಳಿದರು. ನನಗೆ ಬಾಗಿಲ ಬಳಿ ತಬಲಾ ಸಿಕ್ಕಿತು.

ನಾಗಮ್ಮ ಮಾತ್ರ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಹಾಡುವವಳು ನಡುವೆ ಬಂದು ನಿಲ್ಲುತ್ತಾಳೆ, ಬಾ ಎಂದು ಕರೆದರೆ ಒಲೆಯ ಮೇಲೆ ಏನೋ ಇದೆ ಎನ್ನುತ್ತಿದ್ದಳು. ಯಾಕೆಂದು ಯೋಚಿಸುತ್ತ ಕೂತಾಗ ಹೊಳೆಯಿತು. ನಾಗಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಸೋರಿ ಸೋರಿ ಹೋದ ಕಿವಿ ಅದು. ಗೊತ್ತಿರಲಿಲ್ಲವೆಂದಲ್ಲ. ಮದುವೆಯ ದಿನ ಹಿರಿಯರು ಪದ್ಧತಿಯಂತೆ ಅವಳನ್ನು ನನ್ನ ಎಡಕ್ಕೆ ಕೂರಿಸಿದರು; ಅವಳ ಬಲಗಿವಿ ನನ್ನ ಪಾಲಿಗೆ ಬಂತು. ಅಂದಿನಿಂದ ಬಸ್ಸಿನಲ್ಲಿ, ಕೆಂಭಾವಿಯ ಸಂತೆಯಲ್ಲಿ, ಊಟದ ಪಂಕ್ತಿಯಲ್ಲಿ ನಾನು ಅವಳ ಬಲಕ್ಕೇ ಇದ್ದೇನೆ. ರೂಢಿ ಎಷ್ಟು ಸಲೀಸಾಗಿತ್ತೆಂದರೆ ಅದಕ್ಕೊಂದು ಕಾರಣವಿದೆಯೆಂಬುದೇ ಮರೆತುಹೋಗಿತ್ತು.

ಎರಡು ಕಿವಿ ಕೊಟ್ಟದ್ದು ಒಂದರಿಂದ ಕೇಳಿ ಇನ್ನೊಂದರಿಂದ ಬಿಡಲಿಕ್ಕೆ ಎಂದು ನನ್ನ ವಿದ್ಯಾರ್ಥಿಗಳು ತಿಳಿದಿದ್ದಾರೆ. ಹಾಗಲ್ಲ. ಸದ್ದು ಒಂದು ಕಿವಿಗೆ ಕೂದಲೆಳೆಯಷ್ಟು ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುತ್ತದೆ. ಆ ವ್ಯತ್ಯಾಸದಿಂದಲೇ ಯಾವುದು ಎಲ್ಲಿದೆಯೆಂದು ನಮಗೆ ತಿಳಿಯುತ್ತದೆ. ಸ್ಟೀರಿಯೊದ ಆಟವೆಲ್ಲ ಅಷ್ಟರ ಮೇಲೆ ನಿಂತಿದೆ. ಅಂದರೆ ನಾನು ಜಗತ್ತಿನಲ್ಲಿ ಒಬ್ಬಳಿಗಾಗಿ ಈ ಯಂತ್ರ ಹೊಂದಿಸಿದ್ದೆ, ಅದು ಸಲ್ಲದಿದ್ದದ್ದು ಆ ಒಬ್ಬಳಿಗೇ. ಈಗ ನನಗೊಂದು ಹೆದರಿಕೆ ಹುಟ್ಟಿತು. ಅವಳು ಎಂದಾದರೂ ಬಂದು ಕೂತು, ನನ್ನ ಮುಖ ನೋಡಿ, ಭಾಳ ಛಲೋ ಅದ ಎಂದುಬಿಟ್ಟರೆ? ನನ್ನ ಸಂತೋಷಕ್ಕೆಂದು ಹೇಳುವ ಆ ಸುಳ್ಳನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಒಂದು ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ ತಾನೇ ಬಂದು ಕೂತಳು. ಗೆಳೆಯನ ಮನೆಯಲ್ಲಿ ಕೇಳಿದ ಅದೇ ಹಾಡು ಹಚ್ಚಿದೆ. ಸ್ವಲ್ಪ ಹೊತ್ತು ಕೇಳಿ ಬಲಗಡೆಗೆ ಕೈ ತೋರಿಸಿದಳು.

“ಎಲ್ಲಾ ಈ ಕಡಿಯಿಂದನ ಬರಾಕತ್ತದರಿ. ನೀವು ಹೇಳಿದ್ದು ನನಗ ತಿಳೀವಲ್ದು.”

ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇದನ್ನು ಮಾರಿಬಿಡೋಣ ಎಂದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ, ಎದ್ದು ನಿಂತು ಮೆಲ್ಲಗೆ ತಲೆ ತಿರುಗಿಸತೊಡಗಿದಳು. ಆಮೇಲೆ ಇಡೀ ಮೈಯನ್ನೇ ತಿರುಗಿಸಿದಳು. ಹತ್ತಿಕುಣಿಯ ಕಡೆಯ ಕುರಿ ಸಾಕುವ ಮನೆತನ ಅವಳದು. ಜಾಲಿಪೊದೆಯಲ್ಲಿ ಮರಿ ತಪ್ಪಿಸಿಕೊಂಡರೆ ಒಂದೇ ಕಿವಿಯ ಹುಡುಗಿ ಹುಡುಕುತ್ತಿದ್ದದ್ದೇ ಹೀಗಂತೆ: ತಿರುಗುತ್ತ ಹೋಗಬೇಕು, ಕೂಗು ಎಲ್ಲಿ ತುಂಬಿ ಬರುತ್ತದೋ ಮರಿ ಅಲ್ಲಿದೆ.

“ತಬಲಾ ಈ ಡಬ್ಬ್ಯಾಗ ಅದ, ಪೇಟಿ ಆ ಡಬ್ಬ್ಯಾಗ,” ಎಂದಳು. “ಹಾಡಾಕಿ ಎರಡರಾಗೂ ಅದಾಳ. ನಡುವ ಯಾರೂ ಇಲ್ರಿ.”

ಪುಸ್ತಕಗಳೂ ಅದನ್ನೇ ಹೇಳುತ್ತವೆ. ನಡುವೆ ಯಾರೂ ಇಲ್ಲ. ಒಂದೇ ದನಿ ಎರಡು ಕಡೆಯಿಂದ ಬಂದಾಗ ಎರಡು ಕಿವಿಯವರು ಮೋಸಹೋಗುತ್ತಾರೆ. ಹೌದು, ಆದರೂ ನನಗೆ ಅವಳು ನಡುವೆಯೇ ನಿಂತಂತಿದೆ ಎಂದೆ. ನಾಗಮ್ಮ ನನ್ನನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಹಾಡನ್ನು ಮೊದಲಿಂದ ಹಚ್ಚಿಸಿ, ಪೆಟ್ಟಿಗೆಗಳತ್ತ ನಡೆದಳು.

“ಎಲ್ಲಿ ನಿಂತಾಳ, ತೋರಸ್ರಿ.”

ಕೈಸನ್ನೆ ಮಾಡಿದೆ. ಇನ್ನೊಂದು ಹೆಜ್ಜೆ. ಹಿಂದೆ. ಸಾಕು, ಅಲ್ಲೇ.

ಅಲ್ಲೇ ನಿಂತು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿದಳು. ಹಾಡು ಅವಳಿಗೆ ಬಾಯಿಪಾಠ, ಮೆಲ್ಲಗೆ ತುಟಿಯಾಡಿಸತೊಡಗಿದಳು. ಎಡಕ್ಕೆ ತಬಲಾ, ಬಲಕ್ಕೆ ಪೇಟಿ, ದನಿ ಸರಿಯಾಗಿ ಅವಳ ಬಾಯಿಂದ. ಹಾಡು ಮುಗಿಯಿತು. ಈಗ ಹೆಂಗ ಕೇಳಿಸಿತು ಎಂದು ಕೇಳಿದಳು.

“ಇನ್ನೊಮ್ಮಿ ಹಾಡು,” ಎಂದೆ.